ಯಾವ ವರ್ಷದ್ದು?

ಮೂವತ್ತೊಂದು ವರ್ಷ ಈ ಕೌಂಟರಿನ ಹಿಂದೆ ನಿಂತು
ಜನರನ್ನು ನಾನು ಮೊದಲು ಕೇಳಿದ್ದು ಹೆಸರಲ್ಲ, ಕ್ಷೇಮವಲ್ಲ:
ಯಾವ ವರ್ಷದ್ದು?

ಫಿಲ್ಟರಿಗೆ ಬಂದವರನ್ನು, ಬೆಲ್ಟಿಗೆ ಬಂದವರನ್ನು,
ಗಾಳಿ ತಾಳದೆ ಬರೀ ಕಾಫಿಗೆಂದು ಒಳಬಂದವರನ್ನೂ.
ನೆಬ್ರಾಸ್ಕದ ಈ ಪಶ್ಚಿಮದ ತುದಿಯಲ್ಲಿ, ಬೀಟ್ ಗೆಡ್ಡೆಯ ಲಾರಿಗಳು
ಮಣ್ಣು ಉದುರಿಸುತ್ತ ಹೋಗುವ ಅಕ್ಟೋಬರಿನಲ್ಲಿ,
ಎಲ್ಲರಿಗೂ ಒಂದು ಪಿಕಪ್ ಇದೆ, ಅದಕ್ಕೊಂದು ಇಸವಿ ಇದೆ,
ಆ ಇಸವಿಯನ್ನು ಅರ್ಧ ಜನ ತಪ್ಪು ಹೇಳುತ್ತಾರೆ.
ಕಂಪನಿಯ ವರ್ಷ ಜನವರಿಗೆ ಹುಟ್ಟುವುದಿಲ್ಲವಲ್ಲ;
ಬೇಸಿಗೆ ಮುಗಿಯುವ ಹೊತ್ತಿಗೇ ಮುಂದಿನ ವರ್ಷ
ತೊಳೆದು ಒರೆಸಿಕೊಂಡು ಅಂಗಡಿ ಮುಂದೆ ನಿಂತಿರುತ್ತದೆ.

ಆರ್ಡಿತ್ ಹ್ರುಸ್ಕಾ ಮಾತ್ರ ಯಾವತ್ತೂ ತಪ್ಪಿದವಳಲ್ಲ.
ಎಂಬತ್ತಾರು, ಅನ್ನುವಳು,
ಶಾಲೆ ಬಸ್ಸಿನ ಕೀಲಿಗೊಂಚಲು ಮೇಜಿಗೆ ಬಡಿದು.
ಅವಳದು ಎಂಬತ್ತಾರು, ಗಂಡ ಡೆಲ್ಮರನದು ಎಂಬತ್ತೇಳು.
ಒಂದೇ ನೀಲಿ. ಒಂದೇ ಚೌಕ ಮೂತಿ.
ಬೇರೆಯಾದಾಗ, ಓಡಿಸಿದ್ದು ಓಡಿಸಿದವರಿಗೆ ಎಂದು ತೀರ್ಮಾನವಾಯಿತು;
ನಾಯಿಗಾಗಿ ಮಾತ್ರ ಜಗಳವಾಡಿದರು.

ಕಳೆದ ಚಳಿಗಾಲ ನೀರು ಹೆಪ್ಪುಗಟ್ಟಿ ಅವಳ ಬ್ಲಾಕ್ ಬಿರಿಯಿತು.
ಅವನದರ ಎಂಜಿನ್ ಕಲ್ಲಿನ ಹಾಗಿತ್ತು, ಮೈಯನ್ನು ರಸ್ತೆಯ ಉಪ್ಪು ತಿಂದಿತ್ತು.
ಅರಿಜೋನಕ್ಕೆ ಹೊರಟಿದ್ದ, ಹೊಸ ಹೆಂಡತಿ, ಹೊಸ ಮೊಣಕಾಲು.
ಎಂಜಿನ್ನಿಗೆ ಇನ್ನೂರು ಡಾಲರ್ ಅಂದ. ಅವಳು ನೂರೆಂಬತ್ತಕ್ಕೆ ಇಳಿಸಿದಳು.

ಟ್ರೇಲರಿನ ಮೇಲಿನ ಟಾರ್ಪಾಲು ಎತ್ತಿ ತೋರಿಸಿದಳು ನನಗೆ:
"ಒಂದೇ ವರ್ಷದ ಅಂತರ. ಏನು ಮಹಾ?"

ಏನು ಮಹಾ.
ಆ ಒಂದು ವರ್ಷದಲ್ಲಿ ಯಾರೋ, ಕಿಟಕಿಯಿಲ್ಲದ ಯಾವುದೋ ಕೋಣೆಯಲ್ಲಿ,
ಕಾರ್ಬ್ಯುರೇಟರ್ ಎತ್ತಿಟ್ಟು ಆ ಜಾಗಕ್ಕೆ ಇಂಜೆಕ್ಟರ್ ಕೂರಿಸಿದ್ದರು.
ಪುಟ್ಟ ಪೆಟ್ಟಿಗೆಯೊಂದು ಗಾಳಿಯ ಲೆಕ್ಕ ಬರೆಯತೊಡಗಿತ್ತು.
ಪೆಟ್ರೋಲ್ ಪಂಪು ಎಂಜಿನ್ನಿನ ಪಕ್ಕೆ ಬಿಟ್ಟು ಟ್ಯಾಂಕಿನೊಳಗೆ ಮುಳುಗಿತ್ತು,
ಅದಿದ್ದ ತೂತಿಗೆ ತಗಡಿನ ಬಿಲ್ಲೆ.
ಮತ್ತೆ, ಯಾರ ಕಣ್ಣಿಗೂ ಬೀಳದ ಹಾಗೆ,
ಹನ್ನೆರಡು ಬೋಲ್ಟಿನಲ್ಲಿ ನಡುವಿನ ನಾಲ್ಕರ ಓರೆ ಬದಲಾಗಿತ್ತು.
ತುಸುವೇ. ಕೇಳಿಸದೆ ಕತ್ತು ವಾಲಿಸುತ್ತೇವಲ್ಲ, ಅಷ್ಟು.

ಎಲ್ಲ ಕೇಳಿ ಅವಳು,
"ಒಂದು ದಿನವೂ ಹೇಳಲಿಲ್ಲ ಅವನು" ಅಂದಳು.
ನಡುಗುವ ಬೆಳಗಿನಲ್ಲಿ ಚೋಕ್ ಎಳೆದು, ಕಾಲು ಅದುಮಿ,
ಅರ್ಧ ತಳ್ಳಿ, ಮತ್ತೆ ಎಳೆದು,
ಅದು ಕೆಮ್ಮುವುದನ್ನೇ ಇವಳು ಕಾಯುತ್ತಿರುವಾಗ
ಅವನು ಕೀಲಿ ತಿರುಗಿಸಿದವನು ಹೆದ್ದಾರಿ ಮುಟ್ಟಿರುತ್ತಿದ್ದ.
ತನ್ನ ಕೈಯಲ್ಲೇ ಏನೋ ಐಬು ಅಂದುಕೊಂಡಿದ್ದಳಂತೆ
ಹತ್ತೊಂಬತ್ತು ಚಳಿಗಾಲ.

ಇಂಜೆಕ್ಟರೇ ಹಾಕಿಸು, ಅಂದೆ. ವೈರು, ಪೆಟ್ಟಿಗೆ, ಪಂಪು, ಎಲ್ಲ ತರಿಸಬಹುದು.
ಬೇಡ, ಅಂದಳು. ಚೋಕ್ ನನಗೆ ಗೊತ್ತು.

ರೂಬೆನ್ ಡೀಟ್ಸ್ ತನ್ನ ಕೊಟ್ಟಿಗೆಯಲ್ಲಿ ಅವಳ ಹಳೆಯ ಮೇಲ್ಭಾಗವನ್ನು
ಅವನ ಬ್ಲಾಕಿನ ಮೇಲೆ ಕೂರಿಸಿದ.
ನಾಲ್ಕು ತೂತುಗಳನ್ನು ಅರದಿಂದ ಉಜ್ಜಿ ಮೊಟ್ಟೆಯಾಕಾರ ಮಾಡಿದ,
ಓರೆ ವಾಷರ್ ಹಾಕಿ ಬಿಗಿದ,
ತಗಡಿನ ಬಿಲ್ಲೆ ಬಿಚ್ಚಿ ಪಂಪನ್ನು ಹಳೆಯ ಪಕ್ಕೆಗೇ ತಂದ.
ಮೂರು ದಿನ. ನಡುವೆ ಒಂದು ಸಲ ಅವನ ಬೈಗುಳ
ನನ್ನ ಫೋನಿನವರೆಗೂ ಬಂತು.

ನಿನ್ನೆ ಬಂದಿದ್ದಳು, ಗ್ಯಾಸ್ಕೆಟ್ಟಿಗೆ.
ಕೌಂಟರಿನಲ್ಲಿ ಹೊಸ ಹುಡುಗ ಟ್ರೆವಿನ್,
ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದ: ಯಾವ ವರ್ಷದ್ದು?
ಆರ್ಡಿತ್ ಕೀಲಿಗೊಂಚಲು ಎತ್ತಿದವಳು ಬಡಿಯಲಿಲ್ಲ.
"ಯಾವ ಭಾಗ ಕೇಳ್ತಿದೀಯ?" ಅಂದಳು. "ಮೇಲಿನದೋ, ಕೆಳಗಿನದೋ?"

ಹುಡುಗ ನನ್ನ ಕಡೆ ನೋಡಿದ.
ಪರದೆಯ ಮೇಲೆ ಅದಕ್ಕೆ ಚೌಕವಿಲ್ಲ.
ನಾನು ಎದ್ದು ಹಿಂದಿನ ಕಪಾಟಿಗೆ ಹೋಗಿ ಎರಡೂ ತಂದೆ.
ಹೊರಗೆ ಅವಳ ಗಾಡಿ ಆರಿಸದೆ ನಿಂತಿತ್ತು,
ಇನ್ನೂ ಬಿಸಿಯಾಗುತ್ತ, ಆಗಾಗ ಗಂಟಲು ಸರಿಮಾಡಿಕೊಳ್ಳುತ್ತ.