ನಾಲ್ಕು ಸಾವಿರದ ನೂರ ಆರನೇ ವಸ್ತು

ರೀಗಾದ ಟ್ರಾಮ್ ಡಿಪೋದಲ್ಲಿ
ಕಳೆದ ವಸ್ತುಗಳ ಕಿಟಕಿಗೆ ಹನ್ನೊಂದು ವರ್ಷದಿಂದ ವೆಲ್ಗಾಳೇ ದಿಕ್ಕು.
ಒಂಟಿ ಕೈಗವಸು, ಕೊಡೆ, ಹಲ್ಲಿನ ಸೆಟ್ಟು,
ಒಮ್ಮೆ ಒಂದು ಬಾತುಕೋಳಿ, ಜೀವಂತ.
ಎಲ್ಲಕ್ಕೂ ನಂಬರು, ಚೀಟಿ, ಒಂದು ಗೇಣು ದಾರ.

ಅವಳಿಗೆ ಬೇಕಿದ್ದದ್ದು ಮುಂದಿನ ಸೀಟು.
ಬೆಳಗಿನ ಐದಕ್ಕೆ, ಹಿಮ ಗುಡಿಸಿದ ಹಳಿಯ ಮೇಲೆ
ಮೊದಲ ಗಾಡಿ ಬಿಡುವವರ ಸೀಟು.
ಅರ್ಜಿಗೆ ಗುಂಟಿಸನ ಸಹಿ ಬೇಕು.

ಮಾರ್ಚಿನಲ್ಲಿ ಕೊಟ್ಟದ್ದಕ್ಕೆ, 'ಯಾವ ಅರ್ಜಿ?'
ಜೂನಿನದರ ಮೇಲೆ ಅವನ ಕಾಫಿ ಲೋಟದ ಉಂಗುರ.
ಸೆಪ್ಟೆಂಬರಿನದನ್ನು 'ಮೇಲೆ ಕಳಿಸಿದ್ದೇನೆ' ಅಂದ.
ಮೇಲೆ ಅಂದರೆ ಎರಡನೇ ಮಹಡಿ.
ಅಲ್ಲಿ ಯಾರೂ ಅದನ್ನು ಕಂಡಿರಲಿಲ್ಲ.

ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
'ನೀನಿಲ್ಲದೆ ಈ ಕಿಟಕಿ ನಡೆಯುತ್ತದೆಯೇ, ವೆಲ್ಗಾ?'
ಹೋದ ವರ್ಷ ಸಂಬಳದ ಮಾತು ಬಂದಾಗ
ಅದೇ ಬಾಯಿ ಅವಳನ್ನು 'ಸಾಧಾರಣ' ಅಂದಿತ್ತು,
ಕಡತದಲ್ಲಿ ಬರೆದೂ ಇಟ್ಟಿತ್ತು, ನೀಲಿ ಶಾಯಿಯಲ್ಲಿ.
ಹೊಗಳಿಕೆಗೂ ಮೊಳೆಯಿದೆ,
ಕೂತವರನ್ನು ಕೂತಲ್ಲೇ ಜಡಿಯಲು.

ನಮ್ಮ ಕಡೆ ದೆವ್ವ ಒಳಬಾರದಿರಲೆಂದು
ಬಾಗಿಲಿಗೆ 'ನಾಳೆ ಬಾ' ಎಂದು ಬರೆಯುತ್ತಿದ್ದರು.
ಗುಂಟಿಸನ ಬಾಗಿಲಲ್ಲಿ ಬರಹವಿಲ್ಲ.
ಹಿಡಿಕೆ ಮಾತ್ರ ಸವೆದು ನುಣುಪಾಗಿದೆ,
ಅಷ್ಟು ಜನ ನಾಳೆ ಬಂದುಹೋಗಿದ್ದಾರೆ.

ಜಗಳವಾಡಬಹುದಿತ್ತು. ಯೂನಿಯನ್ನಿನ ಸ್ಕೈದ್ರೀತೆ ಆಡು ಅಂದಳು.
ವೆಲ್ಗಾಳಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ.
ರಿಜಿಸ್ಟರು ತೆರೆದು, ಗೆರೆ ಎಳೆದು, ಬರೆದಳು:

ವಸ್ತು: ಕಾಗದ, ಮೂರು ಹಾಳೆ, ಬಿಳಿ.
ಕಳೆದ ಜಾಗ: ಮ್ಯಾನೇಜರರ ಮೇಜು, ಬಲಗಡೆ, ಕೆಳಗಿನ ಡ್ರಾಯರು, ಇರಬಹುದು.
ವಾರಸುದಾರರು: ನಾನೇ.
ಹಿಂದಿರುಗಿಸಲು ಅಪ್ಪಣೆ:

ಶುಕ್ರವಾರ ಅವನು ಎಂದಿನಂತೆ ಓದದೆ
ಪುಟ ಮಗುಚುತ್ತ, ಫೋನಿನಲ್ಲಿ ನಗುತ್ತ ಸಹಿ ಎಳೆದ.
ಕೊಡೆಗೆ. ಕೈಗವಸಿಗೆ. ಅವಳಿಗೆ.

ಅಪ್ಪಣೆ ಇತ್ತಲ್ಲ. ಅವನು ಮನೆಗೆ ಹೋದ ಮೇಲೆ ಡ್ರಾಯರು ಎಳೆದಳು.
ಮೂರೂ ಅಲ್ಲೇ ಇದ್ದವು,
ಯಾರ್ಯಾರದೋ ಹಾಳೆಗಳ ನಡುವೆ.
ಎಲ್ಲಕ್ಕಿಂತ ಅಡಿಯದು ಹಳದಿಗಟ್ಟಿತ್ತು, ಇಪ್ಪತ್ತು ವರ್ಷದ್ದು,
ಆ ಮೇಜಿನಲ್ಲಿ ಬೇರೆ ಯಾರೋ ಕೂರುತ್ತಿದ್ದ ಕಾಲದ್ದು.
ಬಯಸುವ ಹುದ್ದೆ: ಚಾಲಕ.
ಹೆಸರು: ಗುಂಟಿಸ್.

ತುಸು ಹೊತ್ತು ನಿಂತಳು.
ಕ್ಷಮಿಸಿದಳೆಂದು ಹೇಳಲಾರೆ.
ಅದಕ್ಕೊಂದು ನಂಬರು ಹಾಕಿ, ದಾರ ಕಟ್ಟಿ
ಒಂಟಿ ಕೈಗವಸುಗಳ ಸಾಲಿನಲ್ಲಿಟ್ಟಳು.

ಸೋಮವಾರ ತನ್ನ ಮೂರು ಹಾಳೆ ಹಿಡಿದು
ಎರಡನೇ ಮಹಡಿಗೆ ತಾನೇ ಹತ್ತಿದಳು.
ಅಲ್ಲಿ ಊಟದ ಹೊತ್ತು.
ಬೆಂಚು ತಣ್ಣಗಿತ್ತು. ಕೋಟು ಮಡಿಸಿ ಹಾಕಿ ಕೂತಳು.