ಸಾಲಿನ ಕೊನೆಯವನು

ಕರೇಲಿಯಾದ ಸರೋವರ ಹೆಪ್ಪುಗಟ್ಟಿದೆ; ಅದೇ ನಮ್ಮ ರನ್‌ವೇ.
ಎಂಜಿನ್ನಿಗೆ ಕಂಬಳಿ ಹೊದೆಸಿ, ಬಾಣಂತಿಯ ಮಂಚದಡಿ
ಕೆಂಡ ಇಟ್ಟ ಹಾಗೆ ಅಡಿಗೊಂದು ಒಲೆಯಿಟ್ಟು
ಮೆಕ್ಯಾನಿಕ್ ಸುಲೋ ರಾತ್ರಿಯಿಡೀ ಕೂತಿದ್ದ.

ಫೋನು ಬಂತು. ಮರದ ಕಾವಲು ಗೋಪುರದಿಂದ ಲೆಂಪಿ:
"ಒಂಬತ್ತು... ಅಲ್ಲ, ಹನ್ನೊಂದು... ತಡೀರಿ, ಮೋಡ...
ಹದಿನಾಲ್ಕು."
ಅವಳು ಎಣಿಕೆ ತಪ್ಪುವವಳಲ್ಲ.
ನಾವು ಇಬ್ಬರು: ನಾನು, ಮತ್ತೆ ಮೊನ್ನೆ ಹತ್ತೊಂಬತ್ತು ತುಂಬಿದ ಓಯ್ವ.

ಹದಿನಾಲ್ಕನ್ನು ಎರಡರಿಂದ ಭಾಗಿಸಿದರೆ ಏಳು.
ಹಾಗೆ ಭಾಗಿಸಿದವನು ರಾತ್ರಿಯ ಊಟಕ್ಕಿರುವುದಿಲ್ಲ.
ಮೇಲೆ ಹೋದಾಗ ಕೇಳಬೇಕಾದ್ದು ಒಂದೇ:
ಈ ಗಳಿಗೆ ಯಾರ ಮೂತಿ ನನ್ನ ಕಡೆ?

ಐದು ಸಾವಿರ ಮೀಟರ್. ಸೂರ್ಯ ಬೆನ್ನಿಗೆ.
ಈ ಸೀಮೆಯ ಚಳಿಗಾಲದ ಸೂರ್ಯ, ಬಡಕಲು,
ಮೂರು ಗಂಟೆಗೇ ಅಂಗಡಿ ಮುಚ್ಚುತ್ತಾನೆ.
ಇದ್ದಷ್ಟನ್ನೇ ಸಾಲ ಪಡೆದೆ.

ಕೆಳಗೆ ಅವರು. ಬಾಂಬರ್ ಎಂಟು, ಕಾವಲಿಗೆ ಆರು.
ಓಯ್ವ ರೆಕ್ಕೆ ಅಲ್ಲಾಡಿಸಿದ: ಹೋಗೋಣವಾ?
ಅವರು ಹೊರಟ ದಿಕ್ಕಿಗೇ ಅವನ ಊರು.
ಅದು ನನಗೆ ಗೊತ್ತು. ನನಗೆ ಗೊತ್ತೆಂದು ಅವನಿಗೂ ಗೊತ್ತು.
ನಾನು ರೆಕ್ಕೆ ಅಲ್ಲಾಡಿಸಲಿಲ್ಲ.

ಪೆಟ್ರೋಲಿನ ಮುಳ್ಳು ನೋಡುತ್ತ,
ತೋಟಾಗಳನ್ನು ಸೆಕೆಂಡಿನ ಲೆಕ್ಕಕ್ಕೆ ತರುತ್ತ ಹಾರಿದೆ.
ಹದಿನೈದು ಸೆಕೆಂಡಿನ ಬೆಂಕಿ,
ಅಪ್ಪ ಬಿಟ್ಟುಹೋದ ಹೊಲಕ್ಕಿಂತ ಚಿಕ್ಕ ಆಸ್ತಿ.

ಆಮೇಲೆ ಮೋಡ ಬಂತು, ಅಗಲವಾಗಿ, ತೆಳ್ಳಗೆ.
ಕಾವಲಿನ ಆರೂ ಅದರ ಮೇಲಕ್ಕೇರಿದವು,
ಬಾಂಬರ್‌ಗಳು ಅಡಿಗೆ ನುಸುಳಿದವು.
ನಡುವೆ ಬಿಳಿಯ ಚಾಪೆ. ಮೂವತ್ತು ಎಣಿಸುವಷ್ಟು ಹೊತ್ತು
ಹದಿನಾಲ್ಕು, ಎಂಟಾಯಿತು.
ಸಾಲಿನ ಕೊನೆಯವನು ಸ್ವಲ್ಪ ಹಿಂದೆ ಬಿದ್ದಿದ್ದ.
ಎಂಟು, ಒಂದಾಯಿತು.

ಈಗ ರೆಕ್ಕೆ ಅಲ್ಲಾಡಿಸಿದೆ.

ಚಾಪೆಯ ಅಂಚು ಬಳಸಿ ಧುಮುಕಿದೆವು. ಕಿವಿಯೊಳಗೆ ಸೀಟಿ.
ಬಾಲದ ಗನ್ನಿನವನು ಮೊದಲು.
ಐವತ್ತು ಮೀಟರಿಗೆ ಬರುವವರೆಗೂ ಬೆರಳು ಅಲುಗಬಾರದು,
ಅವನ ಕುತ್ತಿಗೆಯ ಮಫ್ಲರ್ ಕಾಣುವವರೆಗೂ.
ಕಂಡಿತು. ಹಸಿರು. ಅಂಗಡಿಯದಲ್ಲ, ಯಾರೋ ಹೆಣೆದದ್ದು ಅನಿಸಿತು.
ಒತ್ತಿದೆ.

ಹಿಂತಿರುಗಿ ನೋಡಲಿಲ್ಲ. ಇನ್ನೊಂದಕ್ಕೆ ಆಸೆಪಡಲಿಲ್ಲ.
ಆಸೆಪಟ್ಟವರ ಮಂಚಗಳು ನಮ್ಮ ಗುಡಿಸಲಲ್ಲಿ ನಾಲ್ಕು ಖಾಲಿ.
ಪೈನ್ ಮರಗಳ ತುದಿ ಹೊಟ್ಟೆಗೆ ಸವರುವಷ್ಟು ಕೆಳಗೆ ಹಾರಿ
ಸರೋವರಕ್ಕೆ ಇಳಿದೆವು.

ಉಳಿದ ಏಳು ಮುಂದೆ ಹೋದವು.

ಸುಲೋ ಮಾತಿಲ್ಲದೆ ಎಂಜಿನ್ನಿಗೆ ಮತ್ತೆ ಕಂಬಳಿ ಹೊದೆಸಿದ.
ವರದಿಯಲ್ಲಿ ಬರೆದೆ: ಉರುಳಿಸಿದ್ದು, ಒಂದು. ನಷ್ಟ, ಇಲ್ಲ.
ನಷ್ಟದ ಮುಂದೆ ಶಾಯಿ ಸ್ವಲ್ಪ ಹರಡಿತು, ಚಳಿಗೋ ಏನೋ.

ಫೋನು. ಲೆಂಪಿ.
"ಹೋದವರು ಇಬ್ಬರು. ಬಂದವರು?"
"ಇಬ್ಬರು," ಅಂದೆ.
ಅವಳು ಪೆನ್ಸಿಲ್ಲಿನಲ್ಲಿ ಗೀಚಿಕೊಂಡದ್ದು ಕೇಳಿಸಿತು.
"ಒಳ್ಳೇದು," ಅಂದಳು. ಇನ್ನೇನೋ ಹೇಳುವವಳಿದ್ದಳು,
ತಡೆದಳು.

ಇರುವುದು ಒಂದೇ ಲೈನು.
ಗವಸು ಕಳಚಿ, ಕೈ ಚಾಚಿ,
ಪಕ್ಕದಲ್ಲೇ ನಿಂತಿದ್ದ ಓಯ್ವ.