ಹನ್ನೊಂದನೇ ಸೀಟಿ

ಜುವಾರಿನಗರದ ತಗಡಿನ ಶೆಡ್ಡಿನ್ಯಾಗ
ಶನಿವಾರ ಸಂಜಿಮುಂದ ಸಭಾ ಕರದಿದ್ರು.
ಇನ್ಸ್‌ಪೆಕ್ಟರ್ ಸಾಹೇಬ್ರು ಕೊಂಕಣಿಯೊಳಗ ಮಾತಾಡಿದ್ರು,
ಹವಾಲ್ದಾರ ಉಲ್ಲಾಸ ಗಾಂವಕರ್ ಅದನ್ನ
ನನ್ನ ಖಾನಾವಳ್ಯಾಗ ಉಂಡುಂಡು ಕಲ್ತ ಕನ್ನಡಕ್ಕ ತಿರುವಿದ:
"ಪೊಲೀಸರು ಕಡಿಮಿ, ಓಣಿ ಭಾಳ.
ನಿಮ್ಮ ಓಣಿಗೆ ನೀವ ಕಣ್ಣು."
ಹನ್ನೊಂದು ಸೀಟಿ ತಂದಿದ್ರು,
ಹಸರು ಪ್ಲಾಸ್ಟಿಕ್ಕಿನವು, ದಾರ ಪೋಣಿಸಿದವು.
ಹತ್ತು ಗಂಡಸ್ರಿಗೆ ಕೊಟ್ಟ ಮ್ಯಾಲ ಒಂದು ಉಳೀತು.
"ಸಾವಂತ್ರೆವ್ವ ಹೆಂಗೂ ರಾತ್ರಿ ಎದ್ದಿರತಾಳ" ಅಂದ್ರು.

ಸೀಟಿಗಿಂತ ಮೊದಲ ಒಂದು ಫಾರ್ಮು ತುಂಬಿಸಿಕೊಂಡಿದ್ರು.
ಮೂಲ ಊರು, ಜಿಲ್ಲಾ, ಮನಿ ಮಾಲಕನ ಹೆಸರು, ಎರಡು ಫೋಟೋ.
ಇಪ್ಪತ್ತಾರು ವರ್ಷ ಇಲ್ಲೇ ರೊಟ್ಟಿ ಬಡದೇನಿ,
ಮೂಲ ಊರು ಅಂದ ಕೂಡ್ಲೆ
ಕೈ ಹಿಟ್ಟಿನ್ಯಾಗ ಸಿಕ್ಕಂಗಾತು.
ಕಳ್ಳರು ಯಾರು ಅಂತ ಬರಕೊಂಡ ಕಾಗದಾನೂ ಅದ,
ಕಾಯಾವ್ರು ಯಾರು ಅಂತ ಬರಕೊಂಡ ಕಾಗದಾನೂ ಅದ.
ಇದು ಅಲ್ಲೇ ತಿಳೀಲಿಲ್ಲ ನನಗ.
ರಾತ್ರಿ ಭಾಂಡಿ ತಿಕ್ಕುಮುಂದ ತಿಳೀತು.

ಕಳುವು ಅಂದ್ರ ಬಂಗಾರಲ್ಲ ನಮ್ಮ ಓಣ್ಯಾಗ.
ಸ್ಕೂಟರಿನ ಪೆಟ್ರೋಲು, ಒಣಹಾಕಿದ ಪ್ಯಾಂಟು,
ನಳದ ಹಿತ್ತಾಳಿ ತೋಟಿ,
ಮತ್ತ ಸಿಲಿಂಡರು. ಯುಗಾದಿಯಿಂದ ನಾಕು ಹೋಗಿದ್ವು.
ಕೆಳಗಿನ ತಿರುವಿನ ಕಂಬದ ಬಲ್ಬು ಸುಟ್ಟು ಮೂರು ವರ್ಷ.
ಸಭಾದಾಗ ನಾ ಅದನ್ನ ಹೇಳಿದೆ.
"ಅದು ಪಂಚಾಯಿತಿದು" ಅಂದ್ರು. ಸೀಟಿ ಕೊಟ್ರು.

ಎಂಟು ದಿನ ಗಂಡಸ್ರು ಪಾಳಿ ತಿರುಗಿದ್ರು,
ಬಡಿಗಿ ಕುಟಗೋತ, ಬೀಡಿ ಸೇದಗೋತ.
ಒಡಿಶಾದ ಒಬ್ಬ ಹುಡುಗನ್ನ ತಡದು
ಆಧಾರ್ ತೋರಸು ಅಂದ್ರು.
ಒಂದು ಕಾಲಕ್ಕ ನಮ್ಮನ್ನ ತಡದವರ ದನಿ
ಇವರ ಬಾಯಾಗ ಹೆಂಗ ಬಂತೋ.
ಒಂಬತ್ತನೇ ರಾತ್ರಿ ಕ್ರಿಕೆಟ್ ಇತ್ತು. ಯಾರೂ ಬರಲಿಲ್ಲ.

ಒಂದು ಗಂಟೆಗೆ ಮುಸರಿ ನೀರು ಚೆಲ್ಲಾಕ ಹೊರಗ ಬಂದೆ.
ಕತ್ತಲದಾಗ ಒಂದು ಆಕಾರ, ಹೆಗಲ ಮ್ಯಾಲ ಸಿಲಿಂಡರು.
ಸೀಟಿ ಹಲ್ಲಿನ ನಡುವ ಬಂದಾಗಿತ್ತು.
ಎಡಗಾಲು ಒಂಚೂರು ಹೊರಗ ಎಸದು ನಡಿಯೂದು ಕಂಡೆ.
ಬಾರ್ಜಿನ ಹಗ್ಗ ಬಡದು ವಾರಿ ಆದ ಕಾಲು.
ಆರು ತಿಂಗಳಿಂದ ನನ್ನ ಹೊಸ್ತಲ ದಾಟಿ ಬಂದು
ಉದ್ರಿ ಉಂಡು ಹೋಗೂ ಕಾಲು.
ಸೀಟಿ ತಗದು "ಭೀಮಶಿ" ಅಂದೆ.
ಜೋರಾಗಿ ಅಲ್ಲ,
ಉಣ್ಣಾಕ ಕರದಂಗ.

ಅವನ ಕೈ ಸಡಲಿತು.
ಬಿತ್ತು ನೋಡ್ರಿ ಸಿಲಿಂಡರು ಪಾವಟಿಗಿ ಮ್ಯಾಲ,
ಧಡಂ ಧಡಂ, ಕೆಳಗಿನ ನಳದ ತನಕ.
ನಾಯಿ ಎದ್ದವು, ಕೂಸು ಎದ್ದವು, ಟಾರ್ಚು ಬಂದವು,
ಹತ್ತು ಮನಿಯಿಂದ ಹತ್ತು ಸೀಟಿ ಒಮ್ಮೆಲೆ.
"ನಾನ ತರಿಸಿದ್ದು" ಅಂದೆ, "ನಂದು ಖಾಲಿ ಆಗಿತ್ತು."
ಸಿಲಿಂಡರಿನ ಒಡತಿ ಫಕೀರವ್ವ ನನ್ನ ಮಾರಿ ನೋಡಿದ್ಲು.
ಅವನ ಮಾರಿ ನೋಡಿದ್ಲು. ಸೆರಗು ಬಿಗಿ ಮಾಡಿದ್ಲು.
"ಹೌದು, ಸಂಜಿಮುಂದ ಕೇಳಿದ್ಲು" ಅಂದ್ಲು.

ಮರುದಿನ ಉಲ್ಲಾಸ ಊಟಕ್ಕ ಬಂದ.
ಎರಡು ರೊಟ್ಟಿ, ಎಣ್ಣಿಗಾಯಿ, ಮೂರನೇದು ಬಿಸೀದು.
"ರಾತ್ರಿ ಒಂದು ಗಂಟೆಗೆ ಯಾರಿಗೆ ಬೇಕು ಗ್ಯಾಸು?"
"ನಾದಿಟ್ಟ ಹಿಟ್ಟು ಕಾಯಂಗಿಲ್ರಿ ಸಾಹೇಬ್ರ."
ಜೋಳದ ಹಿಟ್ಟು ಮುಂಚೇನ ನಾದಿ ಇಡಂಗಿಲ್ಲ ಅಂತ
ಇಷ್ಟು ವರ್ಷ ಉಂಡವಗ ಗೊತ್ತಿರಲ್ಲೇನು?
ಕೈ ತೊಳಕೊಂಡ. ಡೈರಿ ತಗದು ಒಂದ ಸಾಲು ಬರದ.
ಆ ಲಿಪಿ ಓದಾಕ ಬಂದಿದ್ರ ನಾ ಬಗ್ಗಿ ನೋಡತಿದ್ದೆ.

ಭೀಮಶಿ ಎರಡು ತಿಂಗಳು ಮ್ಯಾಲಿನ ಓಣಿಂದ ಸುತ್ತುಹಾಕಿ ಹ್ವಾದ.
ಹಿಂದಿನ ನಾಕೂ ಅವನ ಒಯ್ದಿದ್ನೋ ಏನೋ, ನಾ ಕೇಳಲಿಲ್ಲ.
ಕೇಳಬೇಕಾಗಿತ್ತೇನೋ.
ಆ ನಾಕು ಮನಿಯವ್ರಿಗೆ ನೀಡುಮುಂದ
ನನ್ನ ಸೌಟು ಈಗೂ ಒಂಚೂರು ತುಂಬಿ ಬರತದ.

ದೀಪಾವಳಿ ಹಿಂದಿನ ವಾರ ಕಂಬಕ್ಕ ಬಲ್ಬು ಬಂತು,
ಯಾರು ಹೇಳಿದ್ರೋ, ಯಾರು ಬರದ್ರೋ.
ಸೀಟಿ ಖಾರದ ಡಬ್ಬಿ ಮ್ಯಾಲ ಮೊಳಿಗೆ ತೂಗತದ.
ಮೊನ್ನೆ ಒಮ್ಮೆ ಬಾಗಲ ಹಾಕ್ಕೊಂಡು ಊದಿ ನೋಡಿದೆ.
ಸೀನು ಬಂತು.